ಜೆಲ್ಮೀರಾ ತೋರಿಸಿದ ಕೈ

ಜೆಲ್ಮೀರಾ ಚರ್ಚಿನ ಗಂಟೆ ಬಾರಿಸುವವನ ಮಗಳು. ಹಾಗಿದ್ದೂ ಚರ್ಚಿನ ಮೆಟ್ಟಿಲು ತುಳಿಯದೆ ಮದುವೆಯಾದವಳು. ಅಮೃತಶಿಲೆಯ ಗಣಿಯಲ್ಲಿ ಬಂಡೆ ಇಳಿಸುತ್ತಿದ್ದ ಎತ್ತೋರೆ ಅವಳ ತಂದೆಯ ಬಾಗಿಲಿಗೆ ಬಂದು, "ನಾಳೆಯಿಂದ ಇವಳೂ ನಾನೂ ಒಂದೇ ಮನೇಲಿ ಇರ್ತೀವಿ. ಇದಕ್ಕೆ ಪಾದ್ರಿಯ ಅಪ್ಪಣೆನೂ ಬೇಡ, ಸರ್ಕಾರದ್ದೂ ಬೇಡ" ಎಂದನಂತೆ. ಆ ಭಾನುವಾರ ಗಂಟೆ ತಡವಾಗಿ ಬಾರಿಸಿತು ಎಂದು ನನ್ನ ತಾಯಿ ಹೇಳುತ್ತಿದ್ದಳು.

ಕರಾರಾ ಪಟ್ಟಣದ ಮೇಲಿನ ಬೆಟ್ಟದಲ್ಲಿರುವ ನಮ್ಮ ಊರಲ್ಲಿ ಇದು ಅಂಥ ದೊಡ್ಡ ವಿಷಯವೇನಲ್ಲ. ಅರ್ಧ ಊರು ಚರ್ಚಿಗೆ ಹೋಗುತ್ತಿತ್ತು, ಅರ್ಧ ಊರು ಸಂಘದ ಕೋಣೆಗೆ. ಸಂಘದವರು ಅರಾಜಕವಾದಿಗಳು. ಅವರ ಮಕ್ಕಳಿಗೆ ಸಂತರ ಹೆಸರಿಲ್ಲ, ದೀಕ್ಷಾಸ್ನಾನವಿಲ್ಲ. ಸತ್ತರೆ ಕಪ್ಪು ಕೆಂಪು ಬಾವುಟ ಹೊದಿಸಿ ಬ್ಯಾಂಡ್ ಬಾರಿಸಿಕೊಂಡು ಹೊರಡುತ್ತಿದ್ದರು. ಜೆಲ್ಮೀರಾ ತನ್ನ ಮಗನಿಗೆ ಓರೆಸ್ತೆ ಎಂದೂ ಮಗಳಿಗೆ ಲೀಬೆರಾ ಎಂದೂ ಹೆಸರಿಟ್ಟಳು. ಉರುಳಿದ ಬಂಡೆಯಡಿ ಎತ್ತೋರೆ ಸತ್ತ ದಿನ ಬಾಗಿಲಿಗೆ ಬಂದ ಪಾದ್ರಿಯನ್ನು ಅವಳೇ ಹಿಂದಕ್ಕೆ ಕಳಿಸಿದಳು. "ಬದುಕಿದ್ದಾಗ ಅವರು ನಿಮ್ಮನ್ನ ಕರೀಲಿಲ್ಲ ಸ್ವಾಮಿ, ಈಗ ಕೇಳೋಣ ಅಂದ್ರೆ ಅವರಿಗೆ ಬಾಯಿಲ್ಲ" ಎಂದಳು. ಆ ಮಾತು ಬಹಳ ವರ್ಷ ಊರಿನ ಬಾಯಲ್ಲಿ ಉಳಿಯಿತು. ಅವಳಿಗೂ ಅದರ ಹೆಮ್ಮೆ ಇತ್ತು.

ನಾನು ಅವಳ ಮನೆಯ ಕೆಳಗಿನ ಕೋಣೆಯವಳು. ಅವಳ ದಿನಚರಿ ನನಗೆ ಸದ್ದಿನಲ್ಲೇ ಗೊತ್ತು. ಬೆಳಕಾಗುವ ಮೊದಲು ಒಲೆ. ಆಮೇಲೆ ಬಂಡೆ ಕೊಯ್ಯುವ ತಂತಿಗೆ ಬೇಕಾದ ಮರಳನ್ನು ಬುಟ್ಟಿಯಲ್ಲಿ ಹೊತ್ತು ಗಣಿಯ ದಾರಿ. ನಾವೆಲ್ಲ ಹೆಂಗಸರೂ ಹೊರುತ್ತಿದ್ದೆವು. ಗಣಿಯ ಗಂಡಸರು ಮುಷ್ಕರ ಮಾಡಿ ಮಾಡಿ ಕೆಲಸದ ಹೊತ್ತನ್ನು ಇಳಿಸಿಕೊಂಡಿದ್ದರು, ಮಧ್ಯಾಹ್ನ ಇಳಿಯುವಷ್ಟರಲ್ಲಿ ಮನೆಯಲ್ಲಿರುತ್ತಿದ್ದರು. ಮನೆಯಲ್ಲಿರುವ ಗಂಡಸಿಗೆ ಊಟ ಬೇಕು, ವೈನ್ ಬೇಕು, ತಾನು ಓದಿ ಹೇಳುವುದನ್ನು ಕೇಳುವ ಕಿವಿ ಬೇಕು. ಎತ್ತೋರೆ ಹೋದ ಮೇಲೆ ಅವನ ತಮ್ಮ ಗಾಲ್ಯಾನೊ ಅಣ್ಣನ ಸಂಸಾರ ನೋಡಿಕೊಳ್ಳಲು ಬಂದ. ನೋಡಿಕೊಂಡ, ಕುರ್ಚಿಯಲ್ಲಿ ಕೂತು.

ಯುದ್ಧ ಬಂದಾಗ ಗಾಲ್ಯಾನೊಗೆ ಸೈನ್ಯದ ವಯಸ್ಸು ಮೀರಿತ್ತು. ನನ್ನ ಗಂಡ ನತಾಲೆ ಕರೆ ಬಂದ ವಾರವೇ ಹೋದ. ಅವನು ಚರ್ಚಿನ ಕಡೆಯವನು. ಹೋಗಬೇಕು ಎಂದರು, ಹೋದ. ಓರೆಸ್ತೆಗೆ ಕರೆ ಬಂದದ್ದು ಯುದ್ಧದ ಮೂರನೆಯ ವರ್ಷ. ಅವನು ಮಾತಾಡಲಿಲ್ಲ. ಒಂದು ಕಂಬಳಿ, ಅಪ್ಪನ ಚಾಕು ತೆಗೆದುಕೊಂಡು ಇನ್ನಿಬ್ಬರು ಹುಡುಗರ ಜೊತೆ ಮೇಲಿನ ಹಳೆಯ ಗಣಿಗೆ ಹತ್ತಿಬಿಟ್ಟ. ಅಲ್ಲಿ ಸಿಡಿಮದ್ದು ಇಡುತ್ತಿದ್ದ ಒಂದು ಕಲ್ಲಿನ ಗೂಡು ಇತ್ತು.

ಗಾಲ್ಯಾನೊ ಸಂಘದ ಕೋಣೆಯಲ್ಲಿ ಎದ್ದು ನಿಂತು, "ಮನುಷ್ಯನಿಗೆ ಮನುಷ್ಯ ಅಪ್ಪಣೆ ಕೊಡೋ ಕಾಲ ಮುಗೀತು" ಎಂದು ಭಾಷಣ ಮಾಡಿದನಂತೆ. ಮನೆಗೆ ಬಂದು, "ಅತ್ತಿಗೆ, ಸಾಕ್ಸು ಒದ್ದೆಯಾಗಿದೆ, ಒಲೆ ಹತ್ತಿರ ಹಾಕಿ" ಎಂದ. ಅದು ನನಗೆ ಕೆಳಗೆ ಕೇಳಿಸಿತು.

ಮೂವರು ಗಂಡುಹುಡುಗರು ಬೆಟ್ಟದಲ್ಲಿ ಕೂತರೆ ಅವರ ಹೊಟ್ಟೆಯೂ ಅಲ್ಲೇ ಇರುತ್ತದೆ. ಮೊದಮೊದಲು ಜೆಲ್ಮೀರಾ ಮರಳಿನ ಬುಟ್ಟಿಯ ಅಡಿಯಲ್ಲಿ ಊಟ ಇಟ್ಟುಕೊಂಡು ಹೋಗುತ್ತಿದ್ದಳು. ಆದರೆ ಯುದ್ಧಕಾಲದಲ್ಲಿ ಅಮೃತಶಿಲೆಯನ್ನು ಕೊಳ್ಳುವವರು ಯಾರು? ಗಣಿಗಳು ಒಂದೊಂದಾಗಿ ನಿಂತವು. ಮರಳು ಬೇಡವಾಯಿತು. ಬುಟ್ಟಿ ಇಲ್ಲದೆ ಬೆಟ್ಟ ಹತ್ತುವ ಹೆಂಗಸಿಗೆ ಕಾರಣ ಹೇಳಬೇಕಾಯಿತು, ಏಕೆಂದರೆ ಸೈನ್ಯ ತಪ್ಪಿಸಿಕೊಂಡವರನ್ನು ಹುಡುಕುವ ಪೇದೆಗಳು ದಾರಿಯಲ್ಲಿ ಬಂದು ಕೂತಿದ್ದರು. ಅವರು ಪ್ರಶ್ನೆ ಕೇಳದೆ ಬಿಡುತ್ತಿದ್ದದ್ದು ನಮ್ಮನ್ನು ಮಾತ್ರ. ದಾರಿಯ ತಿರುವಿನಲ್ಲಿ ಮೇರಿ ಮಾತೆಯ ಒಂದು ಪುಟ್ಟ ಗುಡಿ ಇದೆ. ರಣರಂಗಕ್ಕೆ ಹೋದವರ ತಾಯಂದಿರು, ಹೆಂಡತಿಯರು ಹರಕೆ ಹೊತ್ತು, ಮೇಣದಬತ್ತಿ ಹಿಡಿದು, ಬರಿಗಾಲಲ್ಲಿ ಅಲ್ಲಿಗೆ ಹೋಗುತ್ತಿದ್ದೆವು.

"ಲೀಬೆರಾ ಅವರ ಜೊತೆ ಹೋಗಲಿ," ಎಂದ ಗಾಲ್ಯಾನೊ. ಜರಡಿ ವಾಪಸು ಕೊಡಲು ಹೋಗಿ ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನೆದುರೇ ಹೇಳಿದ. ಕೆಳಗಿನ ಮನೆಯವಳು ಬಾಯಿಬಿಡುವುದಿಲ್ಲ ಎಂಬ ನಂಬಿಕೆಯೋ, ನಾನು ಅವನ ಕಣ್ಣಿಗೆ ಬೀಳಲೇ ಇಲ್ಲವೋ. "ಅತ್ತಿಗೆ ಹೋದ್ರೆ ಪೇದೆ ನಗ್ತಾನೆ. ಪಾದ್ರೀನ ಓಡಿಸಿದವಳಿಗೆ ಎಂಥ ಹರಕೆ! ಹುಡುಗಿನ ಯಾರು ಗುರುತು ಹಿಡೀತಾರೆ?"

"ನಾನೇ ಯಾಕೆ ಚಿಕ್ಕಪ್ಪ?" ಎಂದಳು ಲೀಬೆರಾ. ಅವಳಿಗೆ ಆಗ ಹದಿನೇಳು. ಅಣ್ಣನ ಅಂಗಿಗೆ ತೇಪೆ ಹಾಕುತ್ತಿದ್ದಳು.

"ಹುಡುಗಿಯರನ್ನ ಸೈನ್ಯಕ್ಕೆ ಕರೆಯಲ್ವಲ್ಲ, ಪುಣ್ಯವಂತೆ."

"ಕರೆಯೋಕೆ ಸೈನ್ಯನೇ ಬೇಕಾ?"

"ಲೀಬೆರಾ!" ಎಂದಳು ಜೆಲ್ಮೀರಾ. ಅಷ್ಟಕ್ಕೆ ಆ ಮಾತು ಮುಗಿಯಿತು.

ಒಲೆಯ ಮೇಲೆ ಸರಪಳಿಗೆ ತೂಗಿದ ತಾಮ್ರದ ಪಾತ್ರೆಯಲ್ಲಿ ಚೆಸ್ಟ್‌ನಟ್ ಹಿಟ್ಟಿನ ಮುದ್ದೆ ಕುದಿಯುತ್ತಿತ್ತು. ಮನೆಗೂ ಬೆಟ್ಟಕ್ಕೂ ಒಟ್ಟಿಗೆ ಮಾಡಿದ ಮುದ್ದೆ. ಅದನ್ನು ಕೋಲಿನಿಂದ ತಿರುವುತ್ತಲೇ ಇರಬೇಕು, ಒಂದು ಗಳಿಗೆ ಬಿಟ್ಟರೆ ಗಂಟು ಕಟ್ಟುತ್ತದೆ, ತಳ ಹಿಡಿಯುತ್ತದೆ. ಜೆಲ್ಮೀರಾ ತಿರುವುತ್ತಲೇ, "ಗುಡಿ ಮುಂದೆ ಶಿಲುಬೆ ಗುರುತು ಮಾಡ್ಕೋಬೇಕು ಕಣೆ. ನಿನಗೆ ಬರಲ್ವಲ್ಲ" ಎಂದಳು.

"ಅದೆಲ್ಲ ಬೇಡ," ಎಂದ ಗಾಲ್ಯಾನೊ. "ಮೇಣದಬತ್ತಿ ಸಾಕು. ನಮ್ಮ ಮನೆ ಮಗು ಮೈಮೇಲೆ ಪಾದ್ರಿಗಳ ಗುರುತು ಯಾಕೆ?"

"ಮೇಣದಬತ್ತಿ ಹಿಡಿದು ಮರದ ಹಾಗೆ ನಿಂತ್ರೆ ಯಾರು ನಂಬ್ತಾರೆ?"

"ಹಾಗಾದ್ರೆ ನಾನು ನೋಡೋದಿಲ್ಲ." ಕುರ್ಚಿ ತಿರುಗಿಸಿಕೊಂಡು ಗೋಡೆಗೆ ಮುಖ ಮಾಡಿ ಕೂತ. ಅವನ ಬೋಳುತಲೆ ನೋಡಿ ಲೀಬೆರಾ ಕಿಸಕ್ಕನೆ ನಕ್ಕಳು. ನಾನೂ ನಗು ತಡೆದುಕೊಂಡು, ಜರಡಿ ಇಟ್ಟು, ಕೆಳಗಿಳಿದೆ. ಮೆಟ್ಟಿಲಲ್ಲಿ ಜೆಲ್ಮೀರಾಳ ದನಿ ಕೇಳುತ್ತಿತ್ತು: "ಹಣೆ. ಎದೆ. ಈ ಭುಜ. ಆಮೇಲೆ ಆ ಭುಜ. ನೋಡು ಸರಿಯಾಗಿ, ನಾನು ಮಾಡಿದ ಹಾಗೇ ಮಾಡು."

ಲೀಬೆರಾ ನಮ್ಮ ಜೊತೆ ಹತ್ತತೊಡಗಿದಳು. ಶಾಲಿನಡಿ ಮುದ್ದೆಯ ಗಂಟು. ನಾವು ಗುಡಿಯಿಂದ ಹಿಂದಿರುಗಿದರೂ ಅವಳು ಕಟ್ಟಿಗೆ ಆಯುವ ನೆವ ಹೇಳಿ ಮುಂದೆ ಹೋಗುತ್ತಿದ್ದಳು. ನಮ್ಮಲ್ಲಿ ಕೆಲವರಿಗೆ ಗೊತ್ತಿತ್ತು, ಕೆಲವರಿಗೆ ಇರಲಿಲ್ಲ. ಫಿಲೊಮೆನಾ ಎಂಬ ಮುದುಕಿಗೆ ಗೊತ್ತಿರಲಿಲ್ಲ. ಅವಳ ಇಬ್ಬರು ಮಕ್ಕಳು ರಣರಂಗದಲ್ಲಿದ್ದರು. ಅವಳು ಲೀಬೆರಾಳ ತಲೆ ಸವರಿ, "ಕೊನೆಗೂ ದೇವರು ನಿಮ್ಮ ಮನೆ ಬಾಗಿಲು ಕಂಡುಹಿಡಿದ" ಎನ್ನುತ್ತಿದ್ದಳು. ಗುಡಿಯ ಮುಂದೆ ನಿಂತಾಗ ನಾವು ಕಣ್ಣು ಮುಚ್ಚಿರುತ್ತಿದ್ದೆವು. ಬೇಡಿಕೊಳ್ಳುವವರಿಗೆ ಪಕ್ಕದವಳ ಕೈ ಯಾವುದೆಂದು ನೋಡುವ ವ್ಯವಧಾನ ಎಲ್ಲಿ?

ಕಣ್ಣು ತೆರೆದಿದ್ದವನು ಪೇದೆ. ದಕ್ಷಿಣದ ಹುಡುಗ, ಭಕ್ತ, ಊರು ಬಿಟ್ಟು ಬೇಸರದಲ್ಲಿದ್ದವನು. ನಮ್ಮನ್ನು ಅನುಮಾನಿಸುವುದಿರಲಿ, ನಮ್ಮ ಜೊತೆ ತಾನೂ ಟೋಪಿ ತೆಗೆದು ನಿಲ್ಲುತ್ತಿದ್ದ. ಒಂದು ದಿನ ಅವನು ಲೀಬೆರಾಳನ್ನು ತಡೆದು, "ಏನಮ್ಮಾ, ಎಡಗೈಯಲ್ಲಿ ಶಿಲುಬೆ ಗುರುತು ಮಾಡ್ತೀಯ? ನಮ್ಮೂರಲ್ಲಾದ್ರೆ ಅಜ್ಜಿ ಕೈ ಮುರೀತಿದ್ರು. ನಿನ್ನ ಎಡಗೈಗೆ ದೀಕ್ಷಾಸ್ನಾನ ಕೊಟ್ರೇನು ಪಾದ್ರಿ?" ಎಂದು ತಮಾಷೆ ಮಾಡಿದ. ಲೀಬೆರಾ ಬೆದರಿ ಕೈ ಬದಲಾಯಿಸಿದಳು. ಹೊಸ ಕೈಯಲ್ಲಿ ಯಾವ ಭುಜ ಮೊದಲು ಎಂದು ತಿಳಿಯದೆ ನಡುವೆ ನಿಂತುಬಿಟ್ಟಳು. ಪೇದೆಯ ನಗು ಹೋಯಿತು. ದಾರಿ ಬಿಟ್ಟ. ಮುಂದಿನ ಸಲ ಅವಳ ಹಿಂದೆ ಮರೆಯಲ್ಲಿ ನಡೆದ.

ಮೂವರು ಹುಡುಗರನ್ನೂ ಕೈಗೆ ಬೇಡಿ ಹಾಕಿ ಹಾಡುಹಗಲೇ ಊರೊಳಗಿಂದ ಇಳಿಸಿದರು. ಪೇದೆ ತಾನು ಹಿಡಿದ ಬಗೆಯನ್ನು ದಾರಿಯುದ್ದ ಹೇಳಿಕೊಂಡು ಬಂದಿದ್ದ. ಒಗೆಯುವ ತೊಟ್ಟಿಯ ಹತ್ತಿರ ಓರೆಸ್ತೆ ತಂಗಿಯನ್ನು ಕಂಡು, "ಎಡಚೀ! ಬಲಗೈ ಯಾವುದು ಅಂತ ಗೊತ್ತಿಲ್ಲವೇನೇ ನಿನಗೆ? ನನ್ನನ್ನ ಮಾರಿಬಿಟ್ಟೆಯಲ್ಲೇ!" ಎಂದು ಕೂಗಿದ. ಲೀಬೆರಾ ಒದ್ದೆ ಬಟ್ಟೆ ಹಿಡಿದು ನಿಂತೇ ಇದ್ದಳು.

ಆ ಸಂಜೆ ಸಂಘದ ಮೂವರು ಗಂಡಸರು ಜೆಲ್ಮೀರಾಳ ಮೇಜಿನ ಸುತ್ತ ಕೂತರು. ಹುಡುಗಿಯನ್ನು ನಿಲ್ಲಿಸಿ ಕೇಳಿದರು. ಕೋರ್ಟು ಬೇಡ, ಜಡ್ಜು ಬೇಡ ಎನ್ನುವವರು ಎಷ್ಟು ಬೇಗ ಕೋರ್ಟು ಕೂರಿಸುತ್ತಾರೆ ಎಂದು ನನಗೆ ಆವತ್ತು ಗೊತ್ತಾಯಿತು.

"ಅಮ್ಮ ತೋರಿಸಿದ ಹಾಗೇ ಮಾಡಿದೆ," ಎಂದಳು ಲೀಬೆರಾ.

"ಗಂಟೆ ಬಾರಿಸೋನ ಮಗಳು ಎಡಗೈ ತೋರಿಸ್ತಾಳೇನೇ?" ಎಂದ ಒಬ್ಬ.

"ಆ ಪೇದೆ ಜೊತೆ ನಗ್ತಾ ನಿಂತಿದ್ದೆಯಂತಲ್ಲ," ಎಂದ ಇನ್ನೊಬ್ಬ.

"ಅವನು ನಗ್ತಿದ್ದ. ನಾನಲ್ಲ."

ಗಾಲ್ಯಾನೊ ಅತ್ತಿಗೆಯ ಕಡೆ ತಿರುಗಿದ. "ನಾನು ನೋಡ್ಲಿಲ್ಲ, ಗೋಡೆ ಕಡೆ ಕೂತಿದ್ದೆ. ನೀವೇ ಹೇಳಿ ಅತ್ತಿಗೆ, ಯಾವ ಕೈಯಲ್ಲಿ ತೋರಿಸಿದಿರಿ?"

"ಬಲಗೈ," ಎಂದಳು ಜೆಲ್ಮೀರಾ. "ಇನ್ಯಾವ ಕೈ?"

ಲೀಬೆರಾ ತಾಯಿಯ ಮುಖ ನೋಡಿದಳು. ಮತ್ತೆ ಬಾಯಿ ತೆರೆಯಲಿಲ್ಲ.

ಆಗ ಜೆಲ್ಮೀರಾ ಸುಳ್ಳು ಹೇಳಿರಲಿಲ್ಲ. ತಾನು ಬಲಗೈಯನ್ನೇ ತೋರಿಸಿದೆ ಎಂದು ಅವಳು ನಂಬಿದ್ದಳು. ಸತ್ಯ ತಿಳಿದದ್ದು ಕೆಲವು ದಿನಗಳ ಮೇಲೆ, ಅದೇ ಒಲೆಯ ಮುಂದೆ. ಮುದ್ದೆ ತಿರುವುತ್ತಿದ್ದಾಗ ಹಣೆಯ ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳಲು ಕೈ ಮೇಲೆ ಹೋಯಿತು. ಹೋದದ್ದು ಎಡಗೈ. ಬಲಗೈ ಕೋಲು ಬಿಟ್ಟಿರಲಿಲ್ಲ, ಬಿಡುವಂತಿರಲಿಲ್ಲ. ಆವತ್ತೂ ಬಿಟ್ಟಿರಲಿಲ್ಲ. ಗೋಡೆ ನೋಡಿಕೊಂಡು ಕೂತಿದ್ದವನ ಎರಡು ಕೈಗಳೂ ಮಡಿಲಲ್ಲಿ ಖಾಲಿ ಇದ್ದವು, ಅವಳಿಗಿದ್ದದ್ದು ಒಂದೇ ಖಾಲಿ ಕೈ. ಅದನ್ನೇ ಮಗಳಿಗೆ ತೋರಿಸಿದ್ದಳು.

ಸೀದ ವಾಸನೆ ಹತ್ತಿ ನಾನು ಮೇಲೆ ಹೋದೆ. ಪಾತ್ರೆ ತಳ ಹಿಡಿದಿತ್ತು. ಅವಳು ನೆಲದ ಮೇಲೆ ಕೂತಿದ್ದಳು. "ಏನಾಯ್ತು?" ಎಂದರೆ, "ಏನಿಲ್ಲ ಕ್ಲೋರಿಂದಾ, ಹೊಗೆ" ಎಂದಳು.

ಆ ದಿನವೇ ಹೇಳಿದ್ದರೆ ಅದು ಬರೀ ತಪ್ಪಾಗಿರುತ್ತಿತ್ತು. ಹೇಳಬೇಕೆಂದು ಸಂಘದ ಕೋಣೆಯ ಬಾಗಿಲವರೆಗೆ ಹೋದಳಂತೆ. ಒಳಗೆ ಗಂಡಸರು ಅವಳದೇ ಮಾತಾಡುತ್ತಿದ್ದರು: ಮಗ ಜೈಲು ಸೇರಿದರೂ ಒಂದು ಹನಿ ಕಣ್ಣೀರು ಹಾಕದ ಗಟ್ಟಿ ಹೆಂಗಸು, ಎತ್ತೋರೆಗೆ ತಕ್ಕವಳು. ಆ ಹೊಗಳಿಕೆ ಕೇಳಿಸಿಕೊಂಡು ಹಿಂದಿರುಗಿದಳು. ಮರುದಿನ ಹೇಳುವುದು ಇನ್ನೂ ಕಷ್ಟವಾಯಿತು, ಅದರ ಮರುದಿನ ಮತ್ತೂ ಕಷ್ಟ.

ಅಷ್ಟರಲ್ಲಿ ಲೀಬೆರಾಳ ಹೆಸರು ಹೋಗಿ 'ಎಡಚಿ' ಉಳಿದಿತ್ತು. ಸಂಘದ ಮನೆಗಳ ಹೆಂಗಸರು ಮೂವರು ಹುಡುಗರನ್ನು ಹಿಡಿದುಕೊಟ್ಟವಳು ಎಂದರು. ಚರ್ಚಿನ ಕಡೆಯವರಿಗೆ ಬೇರೆ ಉರಿ: ನಮ್ಮ ಹರಕೆಯ ನಡುವೆ ಸುಳ್ಳು ಮೇಣದಬತ್ತಿ ಹಿಡಿದು ನಿಂತಳು, ಅದಕ್ಕೇ ನಮ್ಮ ಪ್ರಾರ್ಥನೆ ಮೇಲೇರಲಿಲ್ಲ. ಆ ಚಳಿಗಾಲ ಫಿಲೊಮೆನಾಳ ಇಬ್ಬರು ಮಕ್ಕಳೂ ಸತ್ತ ಸುದ್ದಿ ಬಂತು. ವಸಂತದಲ್ಲಿ ನನ್ನ ನತಾಲೆಯದು. ಒಗೆಯುವ ತೊಟ್ಟಿಯಲ್ಲಿ ಲೀಬೆರಾ ಬಂದರೆ ಹೆಂಗಸರು ನೀರಿನ ಬಾಯಿಯ ಹತ್ತಿರ ಜಾಗ ಬಿಡುತ್ತಿರಲಿಲ್ಲ. ಎಲ್ಲರ ಕೊಳೆ ಹರಿದು ಬರುವ ಕೆಳತುದಿಯಲ್ಲಿ ಒಗೆಯಬೇಕಿತ್ತು ಅವಳು. ಜೆಲ್ಮೀರಾ ಅದೇ ತೊಟ್ಟಿಯಲ್ಲಿ, ಮೇಲ್ತುದಿಯಲ್ಲಿ, ತಲೆ ತಗ್ಗಿಸಿ ಒಗೆಯುತ್ತಿದ್ದಳು. ಮಗಳನ್ನು ಪಕ್ಕಕ್ಕೆ ಕರೆಯಲಿಲ್ಲ.

ಲೀಬೆರಾ ಒಂದು ಬೆಳಿಗ್ಗೆ ಬಟ್ಟೆಗಂಟು ಕಟ್ಟಿಕೊಂಡು ಬಂದರು ಪಟ್ಟಣ ಲಾ ಸ್ಪೆಜಿಯಾಕ್ಕೆ ಹೊರಟುಹೋದಳು. ಅಲ್ಲಿ ನೌಕಾಪಡೆಯ ಒಬ್ಬ ಅಧಿಕಾರಿಯ ಮನೆಯಲ್ಲಿ ಕೆಲಸಕ್ಕೆ ಸೇರಿದಳಂತೆ. ಎತ್ತೋರೆಯ ಮಗಳು ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಾಳೆ ಎಂದು ಊರು ಆಡಿಕೊಂಡಿತು.

ಯುದ್ಧ ಮುಗಿದ ಮರುವರ್ಷ ಸರ್ಕಾರ ಕ್ಷಮಾದಾನ ಕೊಟ್ಟಿತು. ಓರೆಸ್ತೆ ಕೆಮ್ಮಿಕೊಂಡು, ಮುಂದಿನ ಹಲ್ಲು ಕಳೆದುಕೊಂಡು, ಆದರೆ ಜೀವಂತ ಜೈಲಿನಿಂದ ಬಂದ. ಸಂಘದ ಕೋಣೆಯಲ್ಲಿ ಊಟ ಏರ್ಪಾಡಾಯಿತು. ಮಾಡಿದವರು ಹೆಂಗಸರು, ಕೂತವರು ಗಂಡಸರು. ಕುಡಿದು ಉಲ್ಲಾಸದಲ್ಲಿದ್ದ ಓರೆಸ್ತೆ, "ಎಲ್ಲಿ ನಮ್ಮ ಎಡಚಿ? ಅವಳಿಗೂ ಒಂದು ಲೋಟ ಕೊಡಿ, ಎಡಗೈಗೇ ಕೊಡಿ!" ಎಂದ. ಎಲ್ಲರೂ ನಕ್ಕರು.

ಬಡಿಸುತ್ತಿದ್ದ ಜೆಲ್ಮೀರಾ ಪಾತ್ರೆ ಕೆಳಗಿಟ್ಟಳು. "ಎಡಗೈ ತೋರಿಸಿದವಳು ನಾನು," ಎಂದಳು. "ಬಲಗೈ ಮುದ್ದೆ ತಿರುವ್ತಿತ್ತು. ಆಮೇಲೆ ಗೊತ್ತಾಯ್ತು. ಗೊತ್ತಾದ್ರೂ ಹೇಳಲಿಲ್ಲ."

ಗಾಲ್ಯಾನೊ ಜೋರಾಗಿ ನಕ್ಕ. "ಅಯ್ಯೋ ಅತ್ತಿಗೆ, ಇಷ್ಟಕ್ಕಾ ಈ ಮುಖ! ಆಗಿದ್ದು ಆಯ್ತು. ಕೂತ್ಕೊಂಡು ಅಳೋ ವಿಷಯವಾ ಇದು? ಬಡಿಸಿ, ಆರಿ ಹೋಗ್ತಿದೆ." ಓರೆಸ್ತೆ ಎದ್ದು ಬಂದು ತಾಯಿಯ ಕೆನ್ನೆಗೆ ಮುತ್ತಿಟ್ಟ. "ಬಿಡಮ್ಮ. ನೀನು ಬೇಕಂತ ಮಾಡಿದ್ಯಾ?"

ಮಗಳಿಗೆ ಎರಡು ವರ್ಷ ಸಿಗದ ಕ್ಷಮೆ ತಾಯಿಗೆ ಒಂದು ಸೌಟು ಬಡಿಸುವಷ್ಟರಲ್ಲಿ ಸಿಕ್ಕಿತು. ಆಗಲೇ ನಾಚಿಕೆಯಿಂದ ತನ್ನ ಕಿವಿ ಸುಟ್ಟಂತಾಯಿತು, ಅದಕ್ಕೆ ಮೊದಲು ಅಲ್ಲ, ಎಂದು ಅವಳು ನನಗೆ ಹೇಳಿದ್ದಾಳೆ.

ಮರುದಿನವೇ ಲಾ ಸ್ಪೆಜಿಯಾಕ್ಕೆ ಹೋದಳು. ಹಿತ್ತಲ ಬಾಗಿಲಲ್ಲಿ ಲೀಬೆರಾ ಬಂದು ನಿಂತಳು. ಮುಂಗೈ ಮೇಲೆ ಇಸ್ತ್ರಿಯ ಉದ್ದನೆಯ ಸುಟ್ಟ ಗಾಯ. ಜೆಲ್ಮೀರಾ ಒಂದೇ ಉಸಿರಿಗೆ ಎಲ್ಲ ಹೇಳಿದಳು: ಬೆವರು, ಕೋಲು, ಸಂಘದ ಬಾಗಿಲು, ತನಗೆ ನಿದ್ದೆ ಬಾರದ್ದು, ತಾನು ಊಟ ಬಿಟ್ಟದ್ದು, ನಿನ್ನೆ ಗಂಡಸರ ಮುಂದೆ ಹೇಳಿದ್ದು.

"ನನಗೆ ಆವತ್ತೇ ಗೊತ್ತಿತ್ತಮ್ಮ," ಎಂದಳು ಲೀಬೆರಾ. "ನೀನು ಬಲಗೈ ಅಂದಾಗ ನಿನ್ನ ಬಲಗೈ ಮುದ್ದೆಯ ಕೋಲಿನ ಮೇಲಿದ್ದದ್ದು ಕಣ್ಣಿಗೆ ಕಟ್ಟಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದೆನಲ್ಲ. ಅಮ್ಮ ತೋರಿಸಿದ ಹಾಗೇ ಮಾಡಿದೆ ಅಂತ. ಇನ್ನೊಂದು ಸಲ ಹೇಳೋದು ನಿನ್ನ ಸರದಿ ಆಗಿತ್ತು."

"ಈಗ ಹೇಳಿದೀನಿ ಮಗಳೇ. ಎಲ್ಲರಿಗೂ ಗೊತ್ತಾಯ್ತು. ಮನೆಗೆ ಬಾ."

"ಯಾರಿಗೆ ಗೊತ್ತಾಯ್ತು? ಗಾಲ್ಯಾನೊಗಾ?" ಲೀಬೆರಾ ಸಣ್ಣಗೆ ನಕ್ಕಳು. "ಆ ಗಂಡಸರು ಒಂದು ಸಂಜೆ ನನ್ನ ವಿಚಾರಣೆಗೆ ಕೂತು ಎದ್ದು ಹೋದವರು. ನನ್ನನ್ನ ದಿನಾ ಕೊಳೆ ನೀರಲ್ಲಿ ನಿಲ್ಲಿಸಿದವರು ಬೇರೆ. ತೊಟ್ಟಿ ಹತ್ತಿರ ಹೇಳು. ಫಿಲೊಮೆನಾ ಅಜ್ಜಿಯ ಮುಂದೆ ಹೇಳು." ಒಳಗಿಂದ ಯಾರೋ ಕರೆದರು. ಅವಳು ಬಾಗಿಲು ಹಾಕಿಕೊಂಡಳು.

ಜೆಲ್ಮೀರಾ ಹೇಳಬಹುದಾಗಿದ್ದ ಎಲ್ಲ ಜಾಗಗಳಲ್ಲಿ ಅದೇ ತೀರಾ ಕಷ್ಟದ ಜಾಗ. ಗಂಡಸರ ಮುಂದೆ ಹೇಳಬೇಕಿದ್ದದ್ದು ಕೈಯ ವಿಷಯ ಒಂದೇ. ನಮ್ಮ ಮುಂದೆ ಹೇಳುವುದೆಂದರೆ, ನೀವು ನಿಮ್ಮವರಿಗಾಗಿ ಬೇಡಿಕೊಳ್ಳುವಾಗ ನಿಮ್ಮ ಶಾಲಿನ ಮರೆಯಲ್ಲಿ ನನ್ನ ಮಗನನ್ನು ಉಳಿಸಿಕೊಳ್ಳಲು ಹುಡುಗಿಯನ್ನು ಕಳಿಸಿದೆ, ನಿಮ್ಮವರು ಬರಲಿಲ್ಲ, ನನ್ನವನು ಬಂದ ಎಂದು ಒಪ್ಪಿಕೊಳ್ಳುವುದು.

ಸೋಮವಾರ ಬಟ್ಟೆಯ ದಿನ. ಅವಳು ಬರಿಗೈಯಲ್ಲಿ ಬಂದು ತೊಟ್ಟಿಯ ಕೆಳತುದಿಯಲ್ಲಿ ನಿಂತಳು. ನಾವು ಹತ್ತಾರು ಜನ ಇದ್ದೆವು, ಅರ್ಧಕ್ಕರ್ಧ ಸತ್ತವರಿಗಾಗಿ ಕಪ್ಪು ಬಟ್ಟೆ ತೊಟ್ಟವರು. ಬಟ್ಟೆ ಬಡಿಯುವ ಸದ್ದಿನಲ್ಲಿ ಅವಳ ಮಾತು ಮೊದಲು ಕೇಳಿಸಲಿಲ್ಲ. "ಏನಮ್ಮ, ಗಟ್ಟಿಯಾಗಿ ಹೇಳು," ಎಂದರು ಯಾರೋ. ಅವಳು ಎರಡನೆಯ ಸಲ ಹೇಳಬೇಕಾಯಿತು, ಗಟ್ಟಿಯಾಗಿ, ಮೊದಲಿಂದ. ಬಡಿಯುವ ಸದ್ದು ಒಂದೊಂದಾಗಿ ನಿಂತಿತು. "ಲೀಬೆರಾ ನಿಮ್ಮನ್ನ ಅಣಕಿಸೋಕೆ ಬರಲಿಲ್ಲ. ಬರಲ್ಲ ಅಂದಳು. ನಾನು ಕಳಿಸಿದೆ. ಕೈ ತಪ್ಪಿದ್ದೂ ನನ್ನಿಂದ. ನೀವು ಅವಳಿಗೆ ಆಡಿದ್ದೆಲ್ಲ ನಾನು ಇಲ್ಲೇ ನಿಂತು ಕೇಳಿಸಿಕೊಂಡೆ, ನನಗಲ್ಲ ಅನ್ನೋ ಹಾಗೆ," ಎಂದಳು.

ನನ್ನ ಕೈಯಲ್ಲಿ ನತಾಲೆಯ ಹಳೆಯ ಅಂಗಿ ಇತ್ತು, ಒರೆಸುವ ಬಟ್ಟೆ ಮಾಡಿಕೊಂಡದ್ದು.

ಫಿಲೊಮೆನಾ ನೀರಿನಿಂದ ತಲೆ ಎತ್ತಲಿಲ್ಲ. "ನಿನ್ನ ಮಗ ಬದುಕಿದಾನೇನೇ?" ಎಂದಳು.

"ಬದುಕಿದಾನೆ."

"ಉಣ್ತಾನಾ?"

"ಉಣ್ತಾನೆ ಅಮ್ಮ."

"ಹಾಗಾದ್ರೆ ನನ್ನ ಹತ್ತಿರ ಏನು ಕೇಳೋಕೆ ಬಂದೆ? ನನ್ನ ಹತ್ತಿರ ಕೊಡೋದು ಏನೂ ಉಳಿದಿಲ್ಲ." ಬಟ್ಟೆ ಹಿಂಡಿ ಪಕ್ಕಕ್ಕೆ ಹಾಕಿದಳು. ಇನ್ನೊಂದು ತೆಗೆದುಕೊಂಡಳು. ಬಹಳ ಹೊತ್ತಾದ ಮೇಲೆ, ಇನ್ನೇನು ಜೆಲ್ಮೀರಾ ಹೊರಡಬೇಕು ಎನ್ನುವಾಗ, ಮುದುಕಿ ಕೇಳಿದಳು: "ಲೀಬೆರಾ ಹೇಗಿದಾಳೆ?"

ಆ ಹೆಸರನ್ನು ಆ ತೊಟ್ಟಿಯಲ್ಲಿ ಯಾರೂ ಅಷ್ಟು ಕಾಲ ಹೇಳಿರಲಿಲ್ಲ. ಎಲ್ಲರೂ ಉತ್ತರಕ್ಕೆ ಕಾದರು. ಜೆಲ್ಮೀರಾಳ ಮುಖಕ್ಕೆ ಆಗ ಏರಿದ ಕೆಂಪನ್ನು ನಾನು ಇನ್ನಾವ ಹೆಂಗಸಿನ ಮುಖದಲ್ಲೂ ಕಂಡಿಲ್ಲ.

"ಕೇಳಲಿಲ್ಲ," ಎಂದಳು. "ಅಲ್ಲಿವರೆಗೂ ಹೋಗಿದ್ದೆ. ನಂದೇ ಹೇಳಿಕೊಂಡು ಬಂದೆ."